ಹೊರಗೆ ನಿಂತರೆ ಸಿವಿಲ್, ಒಳಗೆ ಕೂತರೆ ಕ್ರಿಮಿನಲ್

ಬೆಂಗಳೂರಿನಲ್ಲಿ ಪೊಲೀಸ್ ಠಾಣೆಗೆ ಹೋಗಿ, 'ಸಾರ್, ಓನರ್ ನಮ್ಮ ಮನೆಗೆ ಬೇರೆ ಬೀಗ ಜಡಿದಿದ್ದಾರೆ, ಅಮ್ಮನ ಬಿಪಿ ಮಾತ್ರೆ ಒಳಗೇ ಇದೆ' ಅನ್ನಿ. ಎದುರಿನವರು ತಲೆಯೆತ್ತುವ ಮೊದಲೇ ಉತ್ತರ ಬರುತ್ತದೆ: 'ಇದು ಸಿವಿಲ್ ಮ್ಯಾಟರ್ ಕಣ್ರೀ, ಕೋರ್ಟಿಗೆ ಹೋಗಿ.' ಅದೇ ಓನರ್ ಅದೇ ಮೇಜಿನ ಮುಂದೆ ಕೂತು 'ಬಾಡಿಗೆಯವನು ಖಾಲಿ ಮಾಡ್ತಿಲ್ಲ' ಅಂದರೆ ಮಾತ್ರ ಮ್ಯಾಟರು ಸಿವಿಲ್ ಆಗಿ ಉಳಿಯುವುದಿಲ್ಲ. ಟೀ ಆರುವುದರೊಳಗೆ ಬಾಡಿಗೆದಾರನಿಗೆ ಫೋನು: 'ಏನಪ್ಪಾ, ಭಾನುವಾರದೊಳಗೆ ಖಾಲಿ ಮಾಡ್ತೀಯೋ, ಸ್ಟೇಷನ್‌ಗೆ ಬರ್ತೀಯೋ?'

ಬಾಡಿಗೆದಾರರಿಗೆ ಕಾನೂನೇ ಇಲ್ಲವೆಂದು ಯಾರೂ ದೂರುವಂತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಸುಮ್ಮಸುಮ್ಮನೆ ಎಬ್ಬಿಸುವಂತಿಲ್ಲ, ನೀರು-ಕರೆಂಟು ನಿಲ್ಲಿಸುವಂತಿಲ್ಲ. ಷರತ್ತು ಸಣ್ಣದು: ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿರಬಾರದು. ಬೆಂಗಳೂರಿನಲ್ಲಿ ಆ ದುಡ್ಡಿಗೆ ಮನೆ ಹಿಡಿದವರಿಗೆ ರಕ್ಷಣೆಗಿಂತ ಸನ್ಮಾನವೇ ಸೂಕ್ತ. ಮಿಕ್ಕವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಗೆ 15 ದಿನದ ನೋಟಿಸು. ಆ 15 ದಿನ ಮುಗಿದರೆ ಓನರ್‌ಗೆ ಸಿಗುವುದು ದಾವೆ ಹೂಡುವ ಹಕ್ಕು. ಅವರು ಓದಿಕೊಳ್ಳುವುದು ಬೀಗ ಒಡೆಯುವ ಹಕ್ಕು ಅಂತ.

ಅನುಭವಸ್ಥ ಓನರ್‌ಗಳು ಬೀಗದಿಂದ ಶುರು ಮಾಡುವುದಿಲ್ಲ. ಮೊದಲು ಸಂಪಿನ ಮೋಟರ್ ಕೆಡುತ್ತದೆ, ನಿಮ್ಮ ಟ್ಯಾಂಕಿಗೆ ಮಾತ್ರ. ಆಮೇಲೆ ಮೀಟರ್ ಬೋರ್ಡಿನಿಂದ ಫ್ಯೂಸ್ ಮಾಯ. 1912ಕ್ಕೆ ಫೋನ್ ಮಾಡಿದರೆ ವಿದ್ಯುತ್ ಕಂಪನಿ ಬೆಸ್ಕಾಂನವರು ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ) ಕೇಳಿ 'ನಮ್ಮ ಕಡೆಯಿಂದ ಸಪ್ಲೈ ಇದೆ' ಅನ್ನುತ್ತಾರೆ. ಸುಳ್ಳಲ್ಲ, ಕಂಬದವರೆಗೆ ಇದೆ. ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲವೆಂದು ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಆತ ಅಲ್ಲಿ ವಾಸವಿದ್ದಾನೆಯೇ ಎಂದು ನೋಡಿದರೆ ಸಾಕು ಎಂದು 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ದಿಲ್ಲಿಯಿಂದ ಮೀಟರ್ ಬೋರ್ಡಿಗೆ ತಲುಪುವಷ್ಟರಲ್ಲಿ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಹುಳಿಬಂದು ಪಾತ್ರೆಯಿಂದ ಇಳಿದಿರುತ್ತದೆ.

'ಸಿವಿಲ್' ಎಂಬ ಮಂತ್ರಕ್ಕೆ ಪ್ರತಿಮಂತ್ರ ದೂರಿನ ಮೊದಲ ಸಾಲಿನಲ್ಲಿದೆ. ಅಲ್ಲಿ 'ಅಡ್ವಾನ್ಸ್', 'ಅಗ್ರಿಮೆಂಟ್' ಎಂಬ ಪದ ಬಂತೋ, ಕೆಟ್ಟಿತು. ಮುಂದೆ ಯಾರೂ ಓದುವುದಿಲ್ಲ. ಇಂಥ ದಿನ, ಇಂಥ ಹೊತ್ತಿಗೆ, ನಾನು ವಾಸವಿರುವ ಮನೆಗೆ ಇಂಥವರು ನುಗ್ಗಿದರು, ಇಂತಿಂಥ ಸಾಮಾನು ಬೀದಿಗೆ ಹಾಕಿದರು, ಬೀಗ ಬದಲಿಸಿ ಒಳಗೆ ಹೋಗದಂತೆ ತಡೆದರು ಎಂದು ಬರೆಯಬೇಕು. ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮನೆಗೆ ಅತಿಕ್ರಮ ಪ್ರವೇಶಕ್ಕೆ 329(4)ನೇ ಕಲಮು, ಅಕ್ರಮವಾಗಿ ತಡೆದದ್ದಕ್ಕೆ 126(2). ಎರಡಕ್ಕೂ ಪೊಲೀಸರಿಗೆ ವಾರಂಟ್ ಬೇಕಿಲ್ಲ. ಠಾಣೆಗೆ ಹೋಗುವ ಮೊದಲು ಬೀಗದ ಮುಂದೆಯೇ ನಿಂತು 112ಕ್ಕೆ ಕರೆ ಮಾಡಿ. ಪೊಲೀಸರ ಗಸ್ತು ವಾಹನ ಹೊಯ್ಸಳ ಬಂದು 'ಕೂತು ಮಾತಾಡ್ಕೊಳ್ಳಿ' ಎಂದು ಹೋದರೂ ಕರೆಯ ದಾಖಲೆ ಉಳಿಯುತ್ತದೆ. ಅಗ್ರಿಮೆಂಟ್ ಒಳಗೇ ಸಿಕ್ಕಿಕೊಂಡಿದ್ದರೆ ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಗ್ಯಾಸ್ ಬಿಲ್ ನಡೆಯುತ್ತವೆ. ದೂರು ತೆಗೆದುಕೊಳ್ಳದಿದ್ದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಅದನ್ನೇ ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ಅಂಚೆಯಲ್ಲಿ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರು.

ಇಷ್ಟಾದರೂ ಕೋರ್ಟಿನ ಮೆಟ್ಟಿಲು ತಪ್ಪುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ, ಹೊರಹಾಕಿದ ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರ ಹೆಸರಲ್ಲಿದೆ ಎಂಬ ಪ್ರಶ್ನೆಗೇ ಹೋಗದೆ ಸ್ವಾಧೀನ ಮರಳಿಸಬಹುದು. ಇನ್ನೂ ಒಳಗಿದ್ದು ಬೆದರಿಕೆ ಬರುತ್ತಿದ್ದರೆ ತಡೆಯಾಜ್ಞೆ ಕೇಳಬೇಕು. ಆಜ್ಞೆ ಕೈಗೆ ಬಂದ ಮೇಲೆ, ಮುದ್ರೆ ಬಿದ್ದ ಪ್ರತಿ ಹಿಡಿದು ಅದೇ ಠಾಣೆಯ ಅದೇ ಮೇಜಿಗೆ ಹೋಗಿ. ಈ ಸಲ ಪೂರ್ತಿ ಓದುತ್ತಾರೆ. ಹಿಂದೆ ಮುಂದೆ ತಿರುಗಿಸಿ ನೋಡಿ, 'ಎಲ್ಲಾ ಸರಿಯಾಗಿದೆ ಕಣ್ರೀ. ಆದ್ರೆ ಪೊಲೀಸ್ ಪ್ರೊಟೆಕ್ಷನ್ ಕೊಡಿ ಅಂತ ಜಡ್ಜ್ ಎಲ್ಲಿ ಬರೆದಿದ್ದಾರೆ? ಅದಕ್ಕೊಂದು ಬೇರೆ ಅರ್ಜಿ ಹಾಕಿಸ್ಕೊಂಡು ಬನ್ನಿ.'