ಭಾನುವಾರದ ಟೆನಿಸ್ಸು, ವ್ಯಾಪಾರಸ್ಥರ ಮೊಣಕೈ

ನಲವತ್ತು ದಾಟಿದ ಮೇಲೆ ಟೆನಿಸ್ ಹಿಡಿದ ಅಂಗಡಿ, ಫ್ಯಾಕ್ಟರಿ ಮಾಲೀಕರು ಎಲ್ಲ ಲೆಕ್ಕ ಸರಿಯಾಗಿ ಹಾಕ್ತಾರೆ, ಒಂದು ಬಿಟ್ಟು. ವಾರವಿಡೀ ಪುರುಸೊತ್ತಿಲ್ಲ, ಭಾನುವಾರ ಒಟ್ಟಿಗೆ ಮೂರು ಗಂಟೆ ಆಡಿಬಿಡೋಣ ಅನ್ನೋದು. ಸಾಮಾನು ಹೋಲ್‌ಸೇಲ್‌ನಲ್ಲಿ ಅಗ್ಗ ಬೀಳುತ್ತೆ, ಆಟ ಹಾಗಲ್ಲ. ಮನೆಯವರಿಗೆ ಸಿಗುವ ಒಂದೇ ಬೆಳಗ್ಗೆಯೂ ಹೋಯ್ತು, ಮಧ್ಯಾಹ್ನ ಮೊಣಕೈಗೆ ಐಸ್ ಇಟ್ಕೊಂಡು ಮಲಗಿದ್ದೂ ಆಯ್ತು.

ಬದಲಿಗೆ ವಾರದ ನಡುವೆ ಮೂರು ದಿನ, ಬೆಳಗ್ಗೆ ಆರರಿಂದ ಏಳು, ಬರೀ ಡಬಲ್ಸ್. ಮೊದಲ ಹತ್ತು ನಿಮಿಷ ನಾಲ್ವರೂ ನೆಟ್ ಪಕ್ಕದ ಚೌಕ, ಅಂದರೆ ಸರ್ವಿಸ್ ಬಾಕ್ಸ್ ಒಳಗೇ ನಿಂತು ಮೆತ್ತಗೆ ಹೊಡೆಯಿರಿ. ಆಮೇಲೆ 8 ಗೇಮಿನ ಒಂದೇ ಸೆಟ್, ಗೇಮ್ 40-40 ಸಮ ಆದರೆ ಎರಡು ಪಾಯಿಂಟ್ ಮುನ್ನಡೆಗೆ ಕಾಯುವ ಅಡ್ವಾಂಟೇಜ್ ಇಲ್ಲ, ಮುಂದಿನ ಪಾಯಿಂಟ್‌ಗೇ ತೀರ್ಮಾನ. ಏಳಾದ ತಕ್ಷಣ ಸ್ಕೋರ್ ಎಷ್ಟೇ ಇರಲಿ, ಬ್ಯಾಗ್ ಎತ್ತಿ. ಮಕ್ಕಳ ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಮನೆಯಲ್ಲಿರಬಹುದು.

ಡಬಲ್ಸ್ ಯಾಕೆ? ಸಿಂಗಲ್ಸ್‌ನಲ್ಲಿ 27 ಅಡಿ ಅಗಲವನ್ನು ಒಬ್ಬರೇ ಕಾಯಬೇಕು. ಡಬಲ್ಸ್‌ನಲ್ಲಿ 36 ಅಡಿಗೆ ಇಬ್ಬರು, ತಲೆಗೆ 18. ಮಂಡಿಗೆ ಈ ಲೆಕ್ಕ ಚೆನ್ನಾಗಿ ಅರ್ಥ ಆಗುತ್ತೆ. ಡಬಲ್ಸ್ ವಯಸ್ಸಾದವರ ಆಟ ಅಂತ ಮೂಗು ಮುರಿಯೋರು ನಮ್ಮ ಕೊಡಗಿನ ರೋಹನ್ ಬೋಪಣ್ಣನ ಕಡೆ ನೋಡಲಿ. 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. ಮಂಡಿಯ ಕಾರ್ಟಿಲೇಜ್ ಸವೆದ ಮೇಲೂ ಆಡೋಕೆ ಆಗಿದ್ದು ಅಯ್ಯಂಗಾರ್ ಯೋಗದಿಂದ ಅಂತ ಅವರೇ ಹೇಳಿಕೊಂಡಿದ್ದಾರೆ.

ಇನ್ನು ಮೊಣಕೈ. ಟೆನಿಸ್ ಎಲ್ಬೋ ಶುರುವಾಗಿದ್ದು ಕೋರ್ಟ್‌ಗಿಂತ ಮೊದಲು ಅಂಗಡಿಯಲ್ಲೇ ಗೊತ್ತಾಗುತ್ತೆ. ಶಟರ್ ಎಳೆಯುವಾಗ, ಬೀಗ ತಿರುಗಿಸುವಾಗ, ತುಂಬಿದ ಕಾಫಿ ಲೋಟ ಎತ್ತುವಾಗ ಮೊಣಕೈಯ ಹೊರಗಿನ ಮೂಳೆ ಹತ್ತಿರ ಚುಳ್ ಅನ್ನುತ್ತೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಅಂಟಿಕೊಂಡಿರೋದು ಅಲ್ಲೇ. ಮೈಗೆ ಅಡ್ಡ ಕೈ ತಂದು ಹೊಡೆಯುವ ಒಂದು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಬಾಲ್ ಮೈ ದಾಟಿದ ಮೇಲೆ ತಡವಾಗಿ, ಮೊಣಕೈ ಮುಂದೆ ಮಾಡಿ, ಮಣಿಕಟ್ಟಿನಿಂದ ಚಿಮ್ಮಿದರೆ ಪೂರ್ತಿ ಪೆಟ್ಟು ಆ ಜಾಗಕ್ಕೇ. ಭುಜ ತಿರುಗಿಸಿ ಬಾಲನ್ನು ಮುಂದೆಯೇ ಹಿಡಿಯಿರಿ, ಆಗದಿದ್ದರೆ ಎರಡೂ ಕೈ ಹಾಕಿ. ನಾಚಿಕೆಪಡೋ ವಿಷಯ ಏನಲ್ಲ.

ತಪ್ಪು ಬರೀ ಕೈಯದ್ದೂ ಅಲ್ಲ. ಟಿವಿಯಲ್ಲಿ ಆಡೋರ ಹಾಗೆ ಪಾಲಿಯೆಸ್ಟರ್ ಗಟ್ಟಿಂಗ್ (ರ‍್ಯಾಕೆಟ್‌ಗೆ ಬಿಗಿಯುವ ತಂತಿ) ಹಾಕಿಸಿ, 58 ಪೌಂಡ್‌ಗೆ ಬಿಗಿಸಿ, ಕಡಿದಿಲ್ಲವಲ್ಲ ಅಂತ ಎಂಟು ತಿಂಗಳು ಎಳೆಯೋರಿದ್ದಾರೆ. ಟಿವಿಯಲ್ಲಿ ಆಡೋರು ಪಂದ್ಯಕ್ಕೊಂದು ಹೊಸ ಗಟ್ಟಿಂಗ್ ಇರೋ ರ‍್ಯಾಕೆಟ್ ಹಿಡೀತಾರೆ ಸ್ವಾಮಿ! ಪಾಲಿಯೆಸ್ಟರ್ ಕಡಿಯೋದಕ್ಕಿಂತ ಎಷ್ಟೋ ಮೊದಲೇ ಸತ್ತಿರುತ್ತೆ, ಆಮೇಲೆ ಅದು ಪೆಟ್ಟನ್ನೆಲ್ಲ ಕೈಗೆ ದಾಟಿಸುತ್ತೆ. ನಮಗೆ ಸಣ್ಣ ಎಳೆಗಳನ್ನು ಸೇರಿಸಿದ ಮೆತ್ತನೆ ಮಲ್ಟಿಫಿಲಮೆಂಟ್, 50 ಪೌಂಡ್ ಆಸುಪಾಸು ಸಾಕು. ವಾರಕ್ಕೆ ಮೂರು ಸಲ ಆಡೋರು ವರ್ಷಕ್ಕೆ ಮೂರು ಸಲ ಬದಲಾಯಿಸಿ. ರ‍್ಯಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈ ಉಬ್ಬಿಗೂ ನಡುವೆ ಇನ್ನೊಂದು ಕೈಯ ಬೆರಳು ಕೂರಬೇಕು. ಕೂರದಿದ್ದರೆ ಗ್ರಿಪ್ ಸಣ್ಣದು, ಜಾರದಿರಲಿ ಅಂತ ನೀವು ಹಿಚುಕ್ತಾ ಇರ್ತೀರಿ. ಹಿಡಿಯ ಮೇಲೆ ಸುತ್ತುವ, ಬೆವರಿಗೆ ನುಣುಪಾದ ಓವರ್‌ಗ್ರಿಪ್‌ನದೂ ಇದೇ ಕಥೆ. ಐವತ್ತು ಸಾವಿರದ ಫೋನ್ ಹಿಡಿದವರು ಇದಕ್ಕೆ ಜಿಪುಣತನ ಮಾಡೋದು ನೋಡಿದರೆ ನಗು ಬರುತ್ತೆ.

ನೋವು ಬಂದರೆ ಆಟ ನಿಲ್ಲಿಸಿ, ಸ್ವಲ್ಪ ಇಳಿದ ಮೇಲೆ ವ್ಯಾಯಾಮ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಗೆ, ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ. ಇನ್ನೊಂದು ಕೈಯಿಂದ ಮೇಲೆತ್ತಿ, ನೋಯುವ ಕೈಯಿಂದ ನಾಲ್ಕು ಎಣಿಸುತ್ತಾ ಇಳಿಸಿ. 15ರಂತೆ ಮೂರು ಸಲ, ದಿನಾ. ಎರಡು ವಾರಕ್ಕೆ ಫಲ ಕೇಳಬೇಡಿ, ತಿಂಗಳುಗಳೇ ಹಿಡಿಯುತ್ತೆ. ರಾತ್ರಿಯೂ ನೋವು, ಬೆರಳು ಜೋಮು ಅಂದ್ರೆ ಸೀದಾ ಡಾಕ್ಟರ್ ಹತ್ತಿರ.

ಸಾಮಾನನ್ನು ಬೈಯೋದು ಕುಂಟುನೆಪ ಅನ್ನೋರಿಗೆ ಹೊವರ್ಡ್ ಹೆಡ್ ಗೊತ್ತಿರಲಿ. ಅಮೆರಿಕದ ಬಾಲ್ಟಿಮೋರಿನಲ್ಲಿ ಲೋಹದ ಸ್ಕೀ ಮಾಡಿ ಬೆಳೆದ ಉದ್ಯಮಿ, 1969ರಲ್ಲಿ ಕಂಪನಿ ಮಾರಿ ಟೆನಿಸ್ ಕಲಿಯೋಕೆ ಹೋದರು. ಬಾಲ್ ನಡುವಿಗೆ ತಾಗದೇ ಇದ್ದಾಗೆಲ್ಲ ರ‍್ಯಾಕೆಟ್ ಕೈಯಲ್ಲೇ ಹೊರಳುತ್ತಿತ್ತು. ಅದರ ತಲೆ (ಗಟ್ಟಿಂಗ್ ಇರುವ ಭಾಗ) ಅಗಲ ಮಾಡಿದರೆ ತೂಕ ಅಂಚಿಗೆ ಹೋಗುತ್ತೆ, ಹೊರಳೋದು ಕಡಿಮೆ ಆಗುತ್ತೆ ಅಂತ ಲೆಕ್ಕ ಹಾಕಿ, ಮರದ ರ‍್ಯಾಕೆಟ್‌ಗಳು 70 ಚದರ ಇಂಚಿನ ಆಸುಪಾಸಿನಲ್ಲಿದ್ದ ಕಾಲಕ್ಕೆ 110ರದ್ದು ಮಾಡಿದರು, ಪ್ರಿನ್ಸ್ ಕಂಪನಿಗೆ. 1976ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಮೊದಲು ನಕ್ಕವರ ಮೊಮ್ಮಕ್ಕಳೂ ಈಗ 100 ಚದರ ಇಂಚಿನದ್ದು ಹಿಡೀತಾರೆ.

ಶೂ ಬಗ್ಗೆ ಒಂದೇ ಮಾತು: ರನ್ನಿಂಗ್ ಶೂ ಬೇಡ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಆಸರೆ ಇಲ್ಲ, ಅಡ್ಡಕ್ಕೆ ಓಡಿದರೆ ಪಾದ ಉಳುಕುತ್ತೆ.

ಹೀಗೆ ಉಳಿಸಿದ ಭಾನುವಾರ ಮಕ್ಕಳನ್ನೂ ಕೋರ್ಟ್‌ಗೆ ಕರೆತನ್ನಿ, ಆದರೆ ನಿಮ್ಮ 27 ಇಂಚಿನ ರ‍್ಯಾಕೆಟ್ ಕೊಡಬೇಡಿ. ಆರು ವರ್ಷದ ಮಗುವಿಗೆ 21 ಇಂಚು, ಮೆತ್ತನೆಯ ಕೆಂಪು ಬಾಲ್. ಕೆಂಪು ಬಾಲ್‌ನ ಕೋರ್ಟ್ 36 ಅಡಿ ಉದ್ದ, ಅಂದರೆ ಡಬಲ್ಸ್ ಕೋರ್ಟಿನ ಅಗಲ. ಅಡ್ಡಕ್ಕೆ ಆಡಿಸಿ, ನಡುವೆ ಎರಡು ಕುರ್ಚಿಗೆ ಹಗ್ಗ ಬಿಗಿದರೆ ನೆಟ್ ಆಯ್ತು, ಎತ್ತರ ಎರಡೂವರೆ ಅಡಿಗಿಂತ ಚೂರು ಮೇಲೆ. ಹೆಂಡತಿಯೋ ಅಪ್ಪನೋ ಇನ್ನೊಂದು ಕಡೆ ನಿಲ್ಲಲಿ. ಸ್ಕೋರ್ ಇಡಬೇಡಿ, ಸತತ ಎಷ್ಟು ಸಲ ಹಗ್ಗ ದಾಟಿತು ಅಂತ ಎಣಿಸಿ. ಹತ್ತಾದರೆ ದೋಸೆ.