ಇನ್ನರ್ಧ ಸುತ್ತು

ನಮ್ಮ ತೋಟದ ಜೀಪಿಗೆ ಮೂವತ್ತು ವರ್ಷ ದಾಟಿದೆ. ಅದರ ಯಾವ ಭಾಗ ಅಲುಗಾಡಿದರೂ ಅಪ್ಪ ಹೇಳುತ್ತಿದ್ದ ಮದ್ದು ಒಂದೇ: 'ಇನ್ನರ್ಧ ಸುತ್ತು ಕೊಡು.' ನಟ್ಟು ಬಿಗಿಯಾಯಿತು ಅಂತ ಕೈಗೆ ಗೊತ್ತಾದ ಮೇಲೂ ಸ್ಪ್ಯಾನರಿನ ಮೇಲೆ ಮೈಭಾರ ಬಿಟ್ಟು ಇನ್ನರ್ಧ ಸುತ್ತು. ಹಾಗೆ ಬಿಗಿದದ್ದು ಸಕಲೇಶಪುರದಿಂದ ಬಿಸಿಲೆ ಘಾಟಿಗೆ ಹೋಗಿ ಬಂದರೂ ಸಡಿಲವಾಗುತ್ತಿರಲಿಲ್ಲ. ಇದೊಂದೇ ವಿದ್ಯೆಯನ್ನು ನಂಬಿ ಬೆಳೆದ ಕೈ ನನ್ನದು. ಆ ಕೈಗೆ ಹದಿನಾರು ಲಿಥಿಯಂ ಸೆಲ್ಲು ಸಿಕ್ಕವು.

ಸಿಕ್ಕವು ಏನು ಬಂತು, ನಾನೇ ದುಡ್ಡು ಕೊಟ್ಟು ತರಿಸಿದ್ದು. ಕಾರಣ ಮಳೆ. ನಮ್ಮ ಕಡೆ ಆರಿದ್ರೆ ಹಿಡಿಯಿತೆಂದರೆ ಸಿಲ್ವರ್ ಓಕಿನ ಕೊಂಬೆ ಲೈನಿನ ಮೇಲೆ, ಲೈನು ಕಾಫಿ ಗಿಡದ ಮೇಲೆ, ಲೈನ್‌ಮನ್ನು ಇನ್ಯಾರದೋ ತೋಟದಲ್ಲಿ. ಹೋದ ವರ್ಷ ಪುನರ್ವಸು ಮಳೆಯಲ್ಲಿ ಸರಿಯಾಗಿ 72 ಗಂಟೆ ಕರೆಂಟಿರಲಿಲ್ಲ. ಹಳೆಯ ಯುಪಿಎಸ್ಸು ಮೊದಲ ರಾತ್ರಿಯೇ ಕುಂಯ್ ಅಂದು ಮಲಗಿತು.

ಈ 72 ನನ್ನ ತಲೆಯಲ್ಲಿ ಕೂತದ್ದಕ್ಕೆ ಇನ್ನೂ ಒಂದು ಕಾರಣವುಂಟು. ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, ಅಲ್ಲಿಯವರು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುತ್ತಾರೆ. ವರ್ಷದಲ್ಲಿ ಎರಡು ಸಲ, ಹಗಲು ರಾತ್ರಿ ಸಮವಾಗುವ ದಿನಗಳ ಹಿಂದೆಮುಂದೆ, ಆ ಉಪಗ್ರಹಗಳು ದಿನಾ ಸ್ವಲ್ಪ ಹೊತ್ತು ಭೂಮಿಯ ನೆರಳಿಗೆ ಹೋಗುತ್ತವೆ. ಬಿಸಿಲಿಲ್ಲ, ಬ್ಯಾಟರಿಯೇ ಗತಿ. ಹೆಚ್ಚೆಂದರೆ ದಿನಕ್ಕೆ 72 ನಿಮಿಷ. ಅಷ್ಟಕ್ಕೇ ಅಲ್ಲಿ ಇಂಜಿನಿಯರುಗಳ ದಂಡೇ ಕೂತಿರುತ್ತದೆ. ನಮ್ಮ ಮನೆಯಲ್ಲಿ 72 ಗಂಟೆ, ಕೂರುವುದಕ್ಕೆ ನಾನೊಬ್ಬ.

ತರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು. ನೀಲಿ ಪ್ಲಾಸ್ಟಿಕ್ ಹೊದ್ದ ಇಟ್ಟಿಗೆಯಂತಿರುತ್ತದೆ. ಒಂದೊಂದೂ 3.2 ವೋಲ್ಟು, 280 ಆಂಪಿಯರ್ ಅವರ್, ತೂಕ ಐದೂವರೆ ಕೆ.ಜಿ. ಹತ್ತಿರ. ಹದಿನಾರನ್ನೂ ಸಾಲಾಗಿ ಜೋಡಿಸಿದರೆ 51.2 ವೋಲ್ಟು, ಹದಿನಾಲ್ಕು ಯೂನಿಟ್ಟು ಕರೆಂಟು ಅಟ್ಟದ ಮೇಲೆ. ಲಿಥಿಯಂ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಗುಡ್‌ಎನಫ್ ಅನ್ನುವವರಿಗೆ ಆಗ 97 ವರ್ಷ, ಈ ಫಾಸ್ಫೇಟ್ ಜಾತಿಯೂ ಅವರ ತಂಡದ್ದೇ ಅಂತ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. 'ಹಂಗಾದ್ರೆ ನಮ್ಮನೇಲಿ ಲೈಟ್ ಹತ್ತೋಕೂ ನಿಮಗೆ ತೊಂಬತ್ತೇಳು ಆಗ್ಬೇಕಾ?' ಅಂದಳು.

ಸೆಲ್ಲಿನ ನೆತ್ತಿಯಲ್ಲಿ ಎರಡು ಅಲ್ಯೂಮಿನಿಯಂ ಬಿಲ್ಲೆ. ಪ್ರತಿ ಬಿಲ್ಲೆಯ ಮೇಲೂ ಒಂದು ಪುಟಾಣಿ ಸ್ಟಡ್ಡು, ಅಂದರೆ ತಲೆಯಿಲ್ಲದ ಬೋಲ್ಟು, ಲೇಸರಿನಲ್ಲಿ ಬೆಸೆದು ನಿಲ್ಲಿಸಿದ್ದು. ಅಕ್ಕಪಕ್ಕದ ಸೆಲ್ಲುಗಳ ಸ್ಟಡ್ಡಿಗೆ ಲೋಹದ ಪಟ್ಟಿ ಇಟ್ಟು ನಟ್ಟು ಬಿಗಿದರೆ ಮುಗಿಯಿತು. ಜೊತೆಗೆ ಬಂದ ಕಾಗದದಲ್ಲಿ ಟಾರ್ಕು, ಅಂದರೆ ನಟ್ಟು ತಿರುಗಿಸುವ ಬಲ, '4 ನ್ಯೂಟನ್ ಮೀಟರ್ ಮೀರಬಾರದು' ಅಂತ ಇತ್ತಂತೆ. ಆಮೇಲೆ ಓದಿದೆ. ಇಪ್ಪತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಎರಡು ಕೆ.ಜಿ. ಈರುಳ್ಳಿ ನೇತುಹಾಕಿದರೆ ಎಷ್ಟೋ ಅಷ್ಟು. ಜೀಪಿನ ಚಕ್ರಕ್ಕೆ ಇದರ ಇಪ್ಪತ್ತೈದು ಪಟ್ಟು ಬೇಕಾಗುತ್ತದೆ.

ಮೊದಲೆರಡು ಸೆಲ್ಲು ದೇವರ ದಯೆಯಿಂದ ಪಾರಾದವು. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ಕುದುರಿತ್ತು. ಬಿಗಿಯಾಯಿತು. ಇನ್ನರ್ಧ ಸುತ್ತು.

ಟಿಕ್.

ಹುರಿದ ಕಡಲೆಕಾಯಿ ಒಡೆದಷ್ಟೇ ಸದ್ದು. ನಟ್ಟು, ವಾಷರು, ಸ್ಟಡ್ಡು ಮೂರೂ ಒಟ್ಟಾಗಿ ಸ್ಪ್ಯಾನರಿನ ಬಾಯಲ್ಲೇ ಎದ್ದು ಬಂದವು. ದೀಪ ಹಿಡಿದು ನೋಡಿದೆ. ಬಿಲ್ಲೆಯ ಮೇಲೆ ಉಂಗುರದಂಥ ಗುರುತು. ಮುಕ್ಕಾಲು ಸುತ್ತು ಹೊಸದಾಗಿ ಹರಿದ ಲೋಹದ ಹೊಳಪು, ಉಳಿದ ಕಾಲು ಸುತ್ತು ಮಂಕು ಬೂದಿಬಣ್ಣ, ಅದರಲ್ಲಿ ಸೂಜಿಮೊನೆಯಂಥ ಎರಡು ತೂತು. ಅಂದರೆ ಅಲ್ಲಿ ಬೆಸುಗೆ ಹಿಡಿದೇ ಇರಲಿಲ್ಲ. ಅಲ್ಯೂಮಿನಿಯಂ ಸ್ವಭಾವವೇ ಹೀಗೆ. ಲೋಹ ಕರಗುವುದು 660 ಡಿಗ್ರಿಗೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗುವುದಕ್ಕೆ 2,000 ಡಿಗ್ರಿ ದಾಟಬೇಕು. ಒಳಗೆ ಕರಗಿ ನೀರಾದರೂ ಹೊರಗೆ ಬಿಂಕ ಬಿಡುವುದಿಲ್ಲ. ಮದುವೆ ಮಾತುಕತೆಗೆ ಬಂದ ಬೀಗರ ಹಾಗೆ. ತಪ್ಪು ಅವರದು ಕಾಲು ಭಾಗ, ನನ್ನದು ಮುಕ್ಕಾಲು ಅಂತ ನಾನು ಲೆಕ್ಕ ಹಾಕುತ್ತಿರುವಾಗ ಪಕ್ಕದಲ್ಲಿ ಟಾರ್ಚು ಹಿಡಿದಿದ್ದ ಬಾವಮೈದ ಮೆಲ್ಲಗೆ ಕೇಳಿದ: 'ಬಾವ, ಇನ್ನರ್ಧ ಸುತ್ತು ಅಂತಿದ್ರಲ್ಲ, ಅದು ಇದೇನಾ?'

ಮಾರನೆಯ ದಿನ ಸೆಲ್ಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ನಮ್ಮ ಗೇಟು, ಡ್ರೈಯಿಂಗ್ ಯಾರ್ಡಿನ ಗಾಡಿ ಎಲ್ಲ ಮಾಡಿಕೊಟ್ಟವರು ಅಲ್ಲಿನ ಆಚಾರ್ರು. ಹಿಂದೆಮುಂದೆ ತಿರುಗಿಸಿ ನೋಡಿದರು.

'ಏನ್ ಸಾರ್ ಇದು?'

'ಬ್ಯಾಟರಿ ಸೆಲ್ಲು ಆಚಾರ್ರೇ. ಈ ಬೋಲ್ಟು ಒಂಚೂರು ಕೂರಿಸಿಕೊಡಿ.'

'ಒಳಗೆ ಚಾರ್ಜ್ ಐತಾ?'

'ಅರ್ಧ ಇರಬಹುದು.'

ಆಚಾರ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ಮಲಗಿಸುವಂತೆ ಬೆಂಚಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. 'ಗೇಟಿದ್ರೆ ತನ್ನಿ. ಟ್ರೈಲರ್ ತನ್ನಿ. ಇದುನ್ನ ಮೊದ್ಲು ತಗಂಡ್ ಹೋಗಿ.' ಓದಿಕೊಂಡವನು ನಾನು, ತಿಳಿದವರು ಅವರು. ಸೆಲ್ಲಿನೊಳಗೆ ಪ್ಲಸ್ಸು ಮೈನಸ್ಸನ್ನು ಬೇರೆ ಇಟ್ಟಿರುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಸುಮಾರು 130 ಡಿಗ್ರಿಗೇ ಅದು ಕರಗತೊಡಗುತ್ತದೆ, ಜೊತೆಗಿರುವ ದ್ರವಕ್ಕೆ ಬೆಂಕಿ ಹಿಡಿಯುತ್ತದೆ. ಗೇಟಿಗೆ ಹಚ್ಚುವ ಆರ್ಕನ್ನು ಇದಕ್ಕೆ ಹಚ್ಚಿದ್ದರೆ ಪೇಟೆಬೀದಿಗೆ ಆಷಾಢದಲ್ಲೇ ದೀಪಾವಳಿ.

ಇನ್ನೊಂದು ಸೆಲ್ಲು ತರಿಸಿದೆ. ಈ ಸಲ ಎರಡೇ ಬೆರಳಲ್ಲಿ, ಉಸಿರು ಬಿಗಿಹಿಡಿದು, ನಟ್ಟು ಅತಿಯಾಗಿ ಬಿಗಿಯದೆ ಜೋಡಿಸಿದೆ. ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಸಾಧನ ಬಿಎಂಎಸ್ಸನ್ನೂ ಕೂರಿಸಿದೆ. ಬಿಎಂಎಸ್ ಅಂದರೆ ತೋಟದ ಮೇಸ್ತ್ರಿ ಇದ್ದ ಹಾಗೆ. ಹದಿನಾರು ಆಳುಗಳ ಮೇಲೂ ಕಣ್ಣು. ಒಬ್ಬ ಸುಸ್ತಾದರೆ ಇಡೀ ಗುಂಪಿನ ಕೆಲಸ ನಿಲ್ಲಿಸಿಬಿಡುತ್ತಾನೆ. ಯಾರು ಎಷ್ಟು ವೋಲ್ಟಿನಲ್ಲಿದ್ದಾರೆ ಅನ್ನುವುದು ಮೊಬೈಲಿಗೇ ಬರುತ್ತದೆ. ಯಾವ ಸೆಲ್ಲಾದರೂ 2.8ಕ್ಕಿಂತ ಕೆಳಗಿಳಿದರೆ ಬಂದ್ ಮಾಡು ಅಂತ ಹೇಳಿಟ್ಟಿದ್ದೆ.

ಪುಷ್ಯ ಮಳೆಗೆ ಅತ್ತೆ ಬಂದರು. ಅವರು ಬಂದ ದಿನವೇ ಕರೆಂಟು ಹೋಯಿತು. ಪಕ್ಕದ ತೋಟದ ಗೌಡರೂ ಕಡುಬಿನ ವಾಸನೆ ಹಿಡಿದೋ, ಬ್ಯಾಟರಿಯ ಸುದ್ದಿ ಕೇಳಿಯೋ ಛತ್ರಿ ಮಡಚಿ ಒಳಗೆ ಬಂದರು. ಗ್ಯಾಸಿದ್ದರೂ ಬೇಕಂತಲೇ ಇಂಡಕ್ಷನ್ ಒಲೆ ಹಚ್ಚಿಸಿದೆ. 'ನೋಡಿ ಗೌಡ್ರೇ, ಎರಡು ಸಾವಿರ ವ್ಯಾಟು, ನಲವತ್ತು ಆಂಪಿಯರು...' ಅನ್ನುವಷ್ಟರಲ್ಲಿ ಮನೆಯೇ ಕತ್ತಲಾಯಿತು. ಮತ್ತೆ ಹಾಕಿದೆ. ಮತ್ತೆ ಕತ್ತಲು.

'ಅಳಿಯಂದ್ರೇ, ಹಳೇದೇ ಚೆನ್ನಾಗಿತ್ತೇನೋ' ಅಂದರು ಅತ್ತೆ, ಕತ್ತಲಲ್ಲೇ.

ಮೊಬೈಲು ನೋಡಿದೆ. ಒಲೆ ಹಚ್ಚಿದ ಕೂಡಲೇ ಎಲ್ಲ ಸೆಲ್ಲೂ 3.28ರಿಂದ 3.22ಕ್ಕೆ ಇಳಿಯುತ್ತಿದ್ದವು, ಏಳನೆಯದು ಮಾತ್ರ ಸೀದಾ 2.72. ಒಲೆ ನಿಂತ ಮರುಕ್ಷಣ ಅದೂ ಏನೂ ಆಗದವರ ಹಾಗೆ 3.28ಕ್ಕೆ ಬಂದು ನಿಲ್ಲುತ್ತಿತ್ತು. ಗೌಡರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, 'ನಮ್ ದೊಡ್ ಮಗನ್ ಜಾತಕ ಕಣಯ್ಯ ಇದು. ಸುಮ್ನಿದ್ರೆ ಎಲ್ಲರಂಗೇ ಇರ್ತಾನೆ. ಕೆಲಸ ಹೇಳಿದ್ರೆ ಕುಸೀತಾನೆ' ಅಂದರು. ಗೌಡರು ತಮಾಷೆಗೆ ಹೇಳಿದ್ದೇ ರೋಗದ ಲಕ್ಷಣ. ಸೆಲ್ಲೇ ಖಾಲಿಯಾಗಿದ್ದರೆ ಇಷ್ಟು ಬೇಗ ಚೇತರಿಸಿಕೊಳ್ಳುತ್ತಿರಲಿಲ್ಲ. ಕರೆಂಟು ಹರಿಯುವಾಗ ಮಾತ್ರ ಕುಸಿಯುತ್ತದೆ ಎಂದರೆ ಎಲ್ಲೋ ಜೋಡಣೆ ಸಡಿಲ.

ಸಡಿಲ! ಆ ಶಬ್ದ ಬಾಯಿಂದ ಬೀಳುವ ಮೊದಲೇ ಕೈ ಸ್ಪ್ಯಾನರು ಹುಡುಕುತ್ತಿತ್ತು. ಹೆಂಡತಿ ಅದನ್ನು ಆಗಲೇ ಒಯ್ದು ಅಕ್ಕಿ ಡಬ್ಬಿಯೊಳಗೆ ಹೂತಿದ್ದಳು. ಸಿಕ್ಕಿದ್ದು ಎರಡು ದಿನ ಬಿಟ್ಟು, ಸೇರಿನ ಜೊತೆ.

ಸ್ಪ್ಯಾನರಿಲ್ಲದ ಮೇಲೆ ಬುದ್ಧಿಯನ್ನೇ ಉಪಯೋಗಿಸಬೇಕಾಯಿತು. ಮಲ್ಟಿಮೀಟರಿನ ಒಂದು ಮುಳ್ಳನ್ನು ಪಟ್ಟಿಯ ಮೇಲೆ, ಇನ್ನೊಂದನ್ನು ಬಿಲ್ಲೆಯ ಮೇಲೆ ಇಟ್ಟು, ಒಲೆ ಹಚ್ಚು ಅಂದೆ. ಕತ್ತಲಾಗುವ ಮುಂಚಿನ ಆ ಮೂರು ಸೆಕೆಂಡಿನಲ್ಲಿ ಮೀಟರು ಅರ್ಧ ವೋಲ್ಟು ತೋರಿಸಿತು. ಏನೂ ಇರಬಾರದ ಜಾಗದಲ್ಲಿ ಅರ್ಧ ವೋಲ್ಟು! ನಲವತ್ತು ಆಂಪಿಯರಿಗೆ ಗುಣಿಸಿದರೆ 20 ವ್ಯಾಟು. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ನಿಗೆ ಸರಿಸುಮಾರು ಅಷ್ಟೇ ಇರುತ್ತದೆ. ಈ ಗುಣಾಕಾರವನ್ನು ನಾನು ಬೆರಳಿಟ್ಟು ನೋಡಿದ ಮೇಲೆ ಮಾಡಿದೆ. ಹತ್ತಾರು ಸಲ ಹಚ್ಚಿ ಆರಿಸಿ ಆ ಸ್ಟಡ್ಡು ಉಗಿಯಿಂದ ಇಳಿಸಿದ ಕಡುಬಿನಂತೆ ಕಾದಿತ್ತು.

ಆರಿದ ಮೇಲೆ ಉಗುರಿನಲ್ಲಿ ಮೀಟಿದೆ. ಹಾಲುಹಲ್ಲಿನ ಹಾಗೆ ಅಲುಗಿತು. ನಟ್ಟು ಸ್ಟಡ್ಡನ್ನು ಗಟ್ಟಿಯಾಗಿ ಹಿಡಿದಿದೆ, ಸ್ಟಡ್ಡೇ ಬಿಲ್ಲೆಯನ್ನು ಬಿಟ್ಟಿದೆ, ಪಟ್ಟಿ ಬಿಲ್ಲೆಯ ಮೇಲೆ ಸುಮ್ಮನೆ ಒರಗಿ ಕೂತಿದೆ. ಇದಕ್ಕೆ ಮಾತ್ರ ನಾನು ಇನ್ನರ್ಧ ಸುತ್ತು ಕೊಟ್ಟಿರಲಿಲ್ಲ. ಎರಡೇ ಬೆರಳು. ಹೆಂಡತಿಯ ಮೇಲಾಣೆ ಅಂದೆ. 'ನನ್ನ ಮೇಲ್ಯಾಕೆ, ಜೀಪಿನ ಮೇಲೆ ಹಾಕಿ' ಅಂದಳು.

ಮಾರಿದವರಿಗೆ ಫೋಟೋ ಕಳಿಸಿದೆ. ಎಷ್ಟು ಟಾರ್ಕಿನಲ್ಲಿ ಬಿಗಿದಿರಿ ಅಂತ ಕೇಳಿದರು. ಎರಡು ಬೆರಳು ಅಂತ ಬರೆದೆ. ಹೋದ ತಿಂಗಳು ಒಂದೇ ಒಂದು ಸೆಲ್ಲು ತರಿಸಿಕೊಂಡವರು ನೀವೇ ಅಲ್ಲವೇ, 'ಸ್ವಲ್ಪ ಜಾಸ್ತಿ ಬಿಗಿದು ಸ್ಟಡ್ ಕಿತ್ತು ಬಂತು' ಅಂತ ಬರೆದಿದ್ದಿರಲ್ಲ ಅಂದರು. ಬರೆದಿದ್ದೆ. ಸತ್ಯವಂತನಿಗೆ ಇದು ಕಾಲವಲ್ಲ ಅಂತ ಅಪ್ಪನೂ ಹೇಳುತ್ತಿದ್ದರು. ಆ ಮಾತನ್ನು ಕೇಳದೆ ಸ್ಪ್ಯಾನರಿನ ಮಾತನ್ನು ಕೇಳಿದೆ.

ಕೊನೆಗೆ ಏಳನೆಯದನ್ನು ಕಳಚಿ, ಬಿಎಂಎಸ್ಸಿಗೆ ಇನ್ನು ಹದಿನೈದೇ ಆಳು ಅಂತ ತಿಳಿಸಿದೆ. ಹದಿನೈದಕ್ಕೆ 48 ವೋಲ್ಟು. ಇನ್ವರ್ಟರು ತಕರಾರು ಮಾಡಲಿಲ್ಲ. ಕಳಚಿದ್ದರ ಎರಡೂ ಬಿಲ್ಲೆಗೆ ಟೇಪು ಸುತ್ತಿ ಜಗಲಿಯ ಮೂಲೆಯಲ್ಲಿಟ್ಟಿದ್ದೆ. ಅತ್ತೆ ಅದನ್ನು ಎತ್ತಿ ತೂಕ ನೋಡಿ, 'ಕಳಲೆ ನೆನೆಹಾಕಿದೀನಿ, ನೀರೊಳಗೆ ತೇಲ್ತಾ ಇದೆ. ಇದನ್ನೇ ಮೇಲೆ ಹೇರ್ಲಾ?' ಅಂದಾಗ ನಾನು ಕಿರುಚಿದ್ದು ಗೌಡರ ಮನೆಗೂ ಕೇಳಿಸಿತಂತೆ.

ನಿನ್ನೆ ಆಶ್ಲೇಷ ಮಳೆ ಸುರಿಯುತ್ತಿತ್ತು, ಕರೆಂಟು ಮಧ್ಯಾಹ್ನವೇ ಹೋಗಿತ್ತು. ಮನೆಯಲ್ಲಿ ದೀಪ, ಫ್ರಿಜ್ಜು, ಟಿವಿ ಎಲ್ಲ ನಡೆಯುತ್ತಿದ್ದವು. ನಾನು ಅಟ್ಟದ ಏಣಿಯ ಕೆಳಗೆ ಮೊಬೈಲು ಹಿಡಿದು ಕೂತಿದ್ದೆ. ಒಂದು ಹೋದದ್ದರಿಂದ ಎಂಟನೆಯದು ಈಗ ಏಳನೆಯದಾಗಿದೆ. ಎಲ್ಲವೂ 3.30, ಅದೊಂದು 3.29.

'ರೀ, ಮಿಕ್ಸಿ ಹಾಕ್ಬೋದಾ?' ಅಂತ ಒಳಗಿಂದ ಕೂಗಿದಳು.

'ಒಂದ್ ನಿಮಿಷ ಇರು' ಅಂದೆ.