ಐದೈದು ಡಾಲರ್ ಚಂದಾ ಎತ್ತಿ ಕಟ್ಟಿದ ಲೇಬಲ್

ನ್ಯೂ ಏಜ್ ಮ್ಯೂಸಿಕ್ ಅಂದಕೂಡಲೇ "ಓ, ಮಸಾಜ್ ಸೆಂಟರಿನಲ್ಲಿ ಹಾಕ್ತಾರಲ್ಲ, ಅದಾ?" ಅಂತ ಮೂಗು ಮುರಿಯುವ ಗೆಳೆಯರು ನನಗೆ ಬಹಳ. ನೀರಿನ ಜುಳುಜುಳು, ಮೇಲೊಂದು ಕೊಳಲು, ಹಿಂದೆ ಮುಗಿಯದ ಸಿಂಥಸೈಜರ್. ಅವರನ್ನೂ ದೂರುವಂತಿಲ್ಲ ಬಿಡಿ, ಆ ಹೆಸರಿನಲ್ಲಿ ಇವತ್ತು ಕಿವಿಗೆ ಬೀಳುವುದೇ ಅದು. ಆದರೆ ಈ ಸಂಗೀತವನ್ನು ಬೆಳೆಸಿದ್ದು ಲೇಬಲ್‌ಗಳು, ಅಂದರೆ ರೆಕಾರ್ಡ್ ಹೊರತರುವ ಕಂಪನಿಗಳು, ಕೆಡಿಸಿದ್ದೂ ಲೇಬಲ್‌ಗಳೇ ಅಂತ ನಾನು ಹೇಳೋದು.

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ವಿಲಿಯಂ ಆಕರ್‌ಮನ್ ಅಂತ ಒಬ್ಬ ಇದ್ದ. ಸ್ಟ್ಯಾನ್‌ಫರ್ಡ್ ಓದನ್ನು ಅರ್ಧಕ್ಕೇ ಬಿಟ್ಟು ಮರಗೆಲಸ, ಮನೆ ಕಟ್ಟುವ ಕೆಲಸಕ್ಕೆ ಇಳಿದವನು. ಗಿಟಾರ್ ಸೊಗಸಾಗಿ ನುಡಿಸುತ್ತಿದ್ದ. ಇದನ್ನೆಲ್ಲ ರೆಕಾರ್ಡ್ ಮಾಡು ಮಾರಾಯ ಅಂತ ಗೆಳೆಯರು ತಲಾ ಐದು ಡಾಲರ್ ಹಾಕಿದರು. 1976ರಲ್ಲಿ ಆ ಎಲ್‌ಪಿ ಬಂತು, ಅದರ ಜೊತೆಗೇ ವಿಂಡಮ್ ಹಿಲ್ ಎಂಬ ಲೇಬಲ್ ಕೂಡ. ಕವರ್‌ಗಳನ್ನು ನೋಡಿಕೊಂಡವಳು ಸಹಸ್ಥಾಪಕಿ ಆನ್ ರಾಬಿನ್‌ಸನ್. ಸುತ್ತ ಅಗಲವಾದ ಬಿಳಿ ಅಂಚು, ನಡುವೆ ನಿಸರ್ಗದ ಒಂದು ಫೋಟೊ. ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕ ಅಂದರೆ ಸಾಕು, ಲೇಖಕ ಯಾರೆಂದು ನೋಡದೆ ಕೊಳ್ಳುವವರಿದ್ದರಲ್ಲ, ಹಾಗೆ ಆ ಬಿಳಿ ಅಂಚು ನೋಡಿಯೇ ಜನ ದುಡ್ಡು ಕೊಡುತ್ತಿದ್ದರು. ಅದೂ ಎಲ್ಲಿ? ಪುಸ್ತಕದಂಗಡಿಗಳಲ್ಲಿ, ಹೆಲ್ತ್ ಫುಡ್ ಅಂಗಡಿಗಳಲ್ಲಿ!

ಈ ಲೇಬಲ್‌ಗೆ ಜಾರ್ಜ್ ವಿನ್‌ಸ್ಟನ್ ಎಂಬ ಕಲಾವಿದ ಸಿಕ್ಕಿದ ಕಥೆ ನನಗೆ ತುಂಬಾ ಇಷ್ಟ. ಆಕರ್‌ಮನ್ ಅವನ ಮನೆಗೆ ಹೋಗಿದ್ದು ಗಿಟಾರ್ ಕೇಳೋಕೆ. ರಾತ್ರಿ ಅಲ್ಲೇ ಉಳಿದ. ನೀನು ಮಲಗು, ನಾನು ಸ್ವಲ್ಪ ಪಿಯಾನೊ ನುಡಿಸಲಾ ಅಂತ ವಿನ್‌ಸ್ಟನ್ ಕೇಳಿದನಂತೆ. ಗಿಟಾರ್ ರೆಕಾರ್ಡಿನ ಮಾತು ಅಲ್ಲಿಗೆ ಮುಗಿಯಿತು. 1980ರಲ್ಲಿ 'ಆಟಮ್' ಆಲ್ಬಂ, 1982ರಲ್ಲಿ 'ಡಿಸೆಂಬರ್'. ಹಾಡಿಲ್ಲ, ಡ್ರಮ್ ಇಲ್ಲ, ಬರೀ ಪಿಯಾನೊ. 'ಡಿಸೆಂಬರ್' ಅಮೆರಿಕದಲ್ಲೇ 30 ಲಕ್ಷ ಪ್ರತಿ ದಾಟಿತು. ತಮಾಷೆ ಅಂದರೆ ವಿನ್‌ಸ್ಟನ್ ತನ್ನದನ್ನು 'ಫೋಕ್ ಪಿಯಾನೊ' ಅಂತಲೇ ಕರೆದುಕೊಂಡ. ಆಕರ್‌ಮನ್‌ಗೂ ನ್ಯೂ ಏಜ್ ಅಂದರೆ ಇರುಸುಮುರುಸೇ.

ಅಷ್ಟು ದುಡ್ಡು ಕಂಡಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? 1983ರಲ್ಲಿ ನರಾಡ ಎಂಬ ಲೇಬಲ್, ಮರುವರ್ಷ ಸಂಗೀತಗಾರ ಪೀಟರ್ ಬೌಮನ್‌ನ ಪ್ರೈವೇಟ್ ಮ್ಯೂಸಿಕ್. ಕೀಬೋರ್ಡ್ ವಾದಕ ಯಾನಿ ಬೆಳೆದದ್ದು ಅಲ್ಲೇ. 1987ರಲ್ಲಿ ಗ್ರ್ಯಾಮಿಯಲ್ಲಿ ಇದಕ್ಕೇ ಒಂದು ವಿಭಾಗ ಬಂತು. ಅದೇ ವರ್ಷ ಲಾಸ್ ಏಂಜಲಿಸ್‌ನ ಹೆಸರುವಾಸಿ ರಾಕ್ ರೇಡಿಯೊ ಸ್ಟೇಷನ್ನೊಂದು ರಾತ್ರೋರಾತ್ರಿ 'ದಿ ವೇವ್' ಆಗಿ ಮೆದು ಸಂಗೀತಕ್ಕೆ ಹೊರಳಿಕೊಂಡಿತು. ಆಮೇಲೆ ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಕ್ಯಾಸೆಟ್ ತುಂಬಿಸಿದ್ದೇ ತುಂಬಿಸಿದ್ದು. 90ರ ದಶಕದಲ್ಲಿ ಬಿಎಂಜಿ ಎಂಬ ದೊಡ್ಡ ಸಂಗೀತ ಕಂಪನಿ ವಿಂಡಮ್ ಹಿಲ್ ಅನ್ನು ಎರಡು ಕಂತಿನಲ್ಲಿ ನುಂಗಿತು. ಬಿಳಿ ಅಂಚನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಇದು ಬೇಕು, ಇದು ಬೇಡ ಅನ್ನುವ ಆಕರ್‌ಮನ್‌ನ ಆ ಕಿವಿಯನ್ನು ಕೊಳ್ಳುವುದು ಹೇಗೆ?

ನಮ್ಮ ಬೆಂಗಳೂರಿನ ಸಂಗೀತ ಸಂಯೋಜಕ ರಿಕಿ ಕೇಜ್ 2015ರಲ್ಲಿ, ಮತ್ತೆ 2022ರಲ್ಲಿ ಇದೇ ವಿಭಾಗದಲ್ಲಿ ಗ್ರ್ಯಾಮಿ ಗೆದ್ದಾಗ ಎಲ್ಲರೂ ಫೋಟೊ ಹಂಚಿಕೊಂಡೆವು. ಆಲ್ಬಂ ಪೂರ್ತಿ ಕೇಳಿದವರು ಎಷ್ಟು ಜನ, ಕೈ ಎತ್ತಿ ನೋಡೋಣ. ಕೇಳೋದನ್ನೂ ಈಗ ಆ್ಯಪ್‌ಗೇ ವಹಿಸಿಬಿಟ್ಟಿದ್ದೇವೆ. 'ನಿದ್ದೆಗೆ', 'ಓದಿಗೆ', 'ಧ್ಯಾನಕ್ಕೆ' ಅಂತ ಪ್ಲೇಲಿಸ್ಟ್ ಹಾಕಿದರೆ ಯಾರು ನುಡಿಸಿದ್ದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನೂ ಮೂಗು ಮುರಿಯುವವರಿಗೆ ಒಂದು ಕೆಲಸ. ವಿಂಡಮ್ ಹಿಲ್‌ನದ್ದೇ, ಗಿಟಾರ್ ವಾದಕ ಮೈಕೆಲ್ ಹೆಜಸ್‌ನ 1984ರ ಆಲ್ಬಂ 'ಏರಿಯಲ್ ಬೌಂಡರೀಸ್' ಹುಡುಕಿ. ಮೊದಲ ಟ್ರ್ಯಾಕನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಬ್ಬರು ಮೂವರು ನುಡಿಸಿದಂತೆ ಕೇಳಿಸುತ್ತದೆ, ಇರುವುದು ಒಂದೇ ಗಿಟಾರ್, ಎರಡೇ ಕೈ. ನಿದ್ದೆ ಬಂದರೆ ಕಾಮೆಂಟಿನಲ್ಲಿ ಬೈಯಿರಿ.